ಸಾರಿದವನ ಹೊಣೆ

ನನ್ನ ಅಣ್ಣನ ಮಗಳು ಹುಟ್ಟಿನಿಂದಲೇ ಕಿವಿ ಕೇಳದವಳು. ಪುಣೆಯಲ್ಲಿ ಓದಿ, ಅಲ್ಲಿಯೇ ಲೆಕ್ಕಪತ್ರದ ಕೆಲಸಕ್ಕೆ ಸೇರಿ, ತನ್ನ ದುಡಿಮೆಯ ಅನ್ನವನ್ನು ಉಣ್ಣುತ್ತಿರುವಳು. ಕಳೆದ ಚಳಿಗಾಲದಲ್ಲಿ ಆಕೆ ಇಬ್ಬರು ಗೆಳತಿಯರೊಡನೆ ಮುಂಬಯಿಯಲ್ಲಿ ಒಂದು ವಿಹಾರದ ಹಡಗನ್ನೇರಿ ಮೂರು ದಿನ ಸಮುದ್ರದ ಮೇಲಿದ್ದು ಬಂದಳು. ಬಂದವಳು ನನಗೊಂದು ದೀರ್ಘವಾದ ಪತ್ರವನ್ನು ಬರೆದಳು. ಆಳಂದದಲ್ಲಿ ಬೆಳೆದ ಹುಡುಗಿ. ಅಮರ್ಜಾ ಹೊಳೆಯ ನೀರಿಗಿಂತ ಹೆಚ್ಚಿನ ನೀರನ್ನು ಬಾಲ್ಯದಲ್ಲಿ ಕಂಡವಳಲ್ಲ. ಆದುದರಿಂದ ಪತ್ರದ ಮೊದಲೆರಡು ಪುಟಗಳು ಸಮುದ್ರದ ಬಣ್ಣವನ್ನೂ ಹಡಗಿನ ವೈಭವವನ್ನೂ ಬಣ್ಣಿಸುವದರಲ್ಲಿಯೇ ಕಳೆದಿರುವವು. ಅದನ್ನೆಲ್ಲ ಇಲ್ಲಿ ಬರೆಯುವ ಕಾರಣವಿಲ್ಲ. ಮೂರನೆಯ ಪುಟದಲ್ಲಿ ಆಕೆ ಬರೆದಿರುವ ಸಂಗತಿಯು ಮಾತ್ರ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವದು.

ಹಡಗು ದಂಡೆಯನ್ನು ಬಿಡುವ ಮೊದಲು ಪ್ರಯಾಣಿಕರನ್ನೆಲ್ಲ ಒಂದೆಡೆಗೆ ಕೂಡಿಸಿ, ಆಪತ್ತು ಬಂದರೆ ಏನು ಮಾಡತಕ್ಕದ್ದೆಂಬದನ್ನು ತಿಳಿಸುವ ಪದ್ಧತಿಯುಂಟಂತೆ. ನೌಕರನೊಬ್ಬನು ಎತ್ತರದಲ್ಲಿ ನಿಂತು ಜೀವರಕ್ಷಕ ಜಾಕೀಟನ್ನು ತೊಟ್ಟು ತೋರಿಸಿದನು. ಅಷ್ಟು ಆಕೆಗೆ ತಿಳಿಯಿತು. ಆತನ ಬಾಯಿ ಧ್ವನಿವರ್ಧಕದ ಹಿಂದೆ ಮುಚ್ಚಿದ್ದರಿಂದ ತುಟಿಯನ್ನು ನೋಡಿ ಅರ್ಥ ಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೆರೆದವರೆಲ್ಲರ ಮುಖಗಳೂ ಒಮ್ಮೆಲೆ ಛತ್ತಿನ ಕಡೆಗೆ ತಿರುಗಿದವು. ಒಂದು ಕೂಸು ಅಳಲಾರಂಭಿಸಿತು. ಅಪಾಯದ ಕೂಗನ್ನು ಅಭ್ಯಾಸಕ್ಕಾಗಿ ಕೂಗಿಸಿರಬೇಕೆಂದು ಆಕೆ ಆ ಮುಖಗಳಿಂದ ತಿಳಿದುಕೊಂಡಳು. ಕೈಗೆ ಕೊಟ್ಟ ಕಾಗದದಲ್ಲಿ ಆ ಕೂಗಿನ ವಿವರವಿತ್ತು: ಏಳು ಗಿಡ್ಡ ಕೂಗು, ಅದರ ಹಿಂದೆ ಒಂದು ಉದ್ದನ್ನ ಕೂಗು. ಜಗತ್ತಿನ ಎಲ್ಲ ಪ್ರಯಾಣಿಕರ ಹಡಗುಗಳಲ್ಲಿಯೂ ಇದೇ ಸಂಕೇತವು ನಡೆಯುತ್ತಿರುವದು. "ಕಾಕಾ, ಕೂಗು ಹೇಗಿರುವದೆಂದು ನನಗೆ ಬರೆದು ಕೊಟ್ಟರು. ಆ ಬರಹವನ್ನು ಇಟ್ಟುಕೊಂಡು ನಾನು ರಾತ್ರಿ ಹೇಗೆ ಮಲಗಲಿ?" ಎಂದು ಆಕೆ ಕೇಳಿರುವಳು.

ಟಿಕೀಟು ತೆಗೆಯಿಸುವಾಗಲೇ ತನಗೆ ಕಿವಿ ಕೇಳುವದಿಲ್ಲವೆಂದು ಆಕೆ ಬರೆದು ತಿಳಿಸಿದ್ದಳು. ವ್ಯವಸ್ಥೆ ಮಾಡಲಾಗುವದೆಂದು ಉತ್ತರವೂ ಬಂದಿತ್ತು. ಹಡಗನ್ನೇರಿದ ಮೇಲೆ ಆ ಉತ್ತರದ ಸುದ್ದಿಯೇ ಯಾರಿಗೂ ಗೊತ್ತಿರಲಿಲ್ಲ. ಎರಡು ಸಲ ಕೇಳಿದ ಮೇಲೆ, ಎರಡನೆಯ ದಿನದ ಸಂಜೆಗೆ, ಒಂದು ಸಣ್ಣ ಯಂತ್ರವನ್ನು ತಂದು ಕೊಟ್ಟರು. ದಿಂಬಿನ ಕೆಳಗಿಟ್ಟುಕೊಂಡರೆ ಅದು ನಡುಗಿ ಎಬ್ಬಿಸುವದು. ಜೊತೆಗೆ ಒಂದು ದೀಪವು ಮಿಣುಕುವದು. ಬಾಗಿಲು ತಟ್ಟಿದರೆ ಅದು ನಡುಗುವದೆಂದು ತಂದವನು ತೋರಿಸಿದನು. ಹಡಗಿನ ಅಪಾಯದ ಕೂಗಿಗೂ ಅದು ನಡುಗುವದೋ ಎಂದು ಆಕೆ ಬರೆದು ಕೇಳಲು, ಆತನು ನಕ್ಕು, ಹೆಬ್ಬೆರಳನ್ನೆತ್ತಿ ತೋರಿಸಿ ಹೊರಟುಹೋದನಂತೆ. ಆ ಹೆಬ್ಬೆರಳಿಗೆ ಏನು ಅರ್ಥವೆಂಬದು ಆಕೆಗೆ ಈ ವರೆಗೂ ತಿಳಿದಿಲ್ಲ.

ವಿಹಾರದ ಹಡಗಿಗೂ ನಮಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆಳಂದ, ಅಫಜಲಪುರ, ಜೇವರ್ಗಿಗಳಿಂದ ಸಮುದ್ರವು ದೂರ. ಹೊಳೆಯಾದರೂ ವರ್ಷದ ಎಂಟು ತಿಂಗಳು ಕಾಲಿನಿಂದ ದಾಟುವಂತಿರುತ್ತದೆ. ಆದರೆ ಭೀಮೆಯ ದಂಡೆಯ ಊರುಗಳು ಹಡಗುಗಳಾಗುವ ಕಾಲವೂ ಉಂಟು. 2020ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಅವು ಹಾಗಾದವು. ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು, ಇಲ್ಲಿ ನಮ್ಮ ನೆತ್ತಿಯ ಮೇಲೆಯೇ ಸುರಿದ ಮಳೆ, ಎರಡೂ ಕೂಡಿ ಅಫಜಲಪುರ ತಾಲೂಕಿನಿಂದ ಜೇವರ್ಗಿಯ ಕೆಳಗಿನ ವರೆಗೂ ಊರೂರುಗಳನ್ನು ನೀರಿನಿಂದ ಸುತ್ತುಗಟ್ಟಿದವು. ಸೈನ್ಯದವರೂ ವಿಪತ್ತು ನಿವಾರಣೆಯ ಪಡೆಯವರೂ ದೋಣಿಗಳನ್ನು ತಂದು ಜನರನ್ನು ದಾಟಿಸಿದರು. 2025ರ ಸೆಪ್ಟೆಂಬರ ತಿಂಗಳ ಕೊನೆಯಲ್ಲಿ ಭೀಮೆಯು ಮತ್ತೆ ದಂಡೆ ಮೀರಿದಳು. ಇಂಥ ರಾತ್ರಿಗಳಲ್ಲಿ ಮನೆಯು ಹಡಗಿನ ಕೋಣೆಯಂತೆಯೇ. ಹೊರಗೆ ನೀರು, ಒಳಗೆ ನಿದ್ರೆ, ನಡುವೆ ಒಂದು ಕೂಗು.

2020ರ ಆ ರಾತ್ರಿ ಅಫಜಲಪುರ ತಾಲೂಕಿನ ದಂಡೆಯ ಮೇಲಿನ ಒಂದು ಊರಿನಲ್ಲಿ ನಡೆದದ್ದನ್ನು ಹೇಳುವೆನು. ಆ ಊರಿನಲ್ಲಿ ನನಗೆ ಬೇಕಾದವರಿದ್ದಾರೆ; ಆದುದರಿಂದ ಊರಿನ ಹೆಸರು ಬೇಡ. ಸಾರುವ ಗಾಡಿಯೊಂದು ಕತ್ತಲಾದ ಮೇಲೆ ಬಂದು, ನೀರು ಏರುತ್ತಿರುವದು, ಎಲ್ಲರೂ ಎತ್ತರದ ಶಾಲೆಗೆ ಹೋಗಿರಿ ಎಂದು ಧ್ವನಿವರ್ಧಕದಲ್ಲಿ ಕೂಗುತ್ತ ಎರಡು ಸುತ್ತು ತಿರುಗಿತು. ಅದು ಸಾಲದೆಂದು ಊರ ಹಿರಿಯರು ಹಲಗೆಯನ್ನೂ ಬಾರಿಸಿ ಡಂಗುರ ಹೊಡೆಯಿಸಿದರು. ಜನರು ಗಂಟುಮೂಟೆ ಕಟ್ಟಿ, ದನಗಳ ಕಣ್ಣಿ ಬಿಚ್ಚಿ, ಏರಿನ ಕಡೆಗೆ ನಡೆದರು. ಕೆಳಗಿನ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಸಿಂಪಿಗನೂ ಆತನ ಹೆಂಡತಿಯೂ ಬಾಗಿಲಿಗೆ ಅಗಳಿ ಹಾಕಿಕೊಂಡು ಮಲಗಿದ್ದರು. ಇಬ್ಬರಿಗೂ ಕಿವಿ ಕೇಳುವದಿಲ್ಲ. ಅವರ ಮಗಳಿಗೆ ಕೇಳುತ್ತದೆ. ಆಗ ಒಂಬತ್ತು ವರ್ಷದ ಆ ಹುಡುಗಿಯೇ ಆ ಮನೆಯ ಕಿವಿ. ಆ ದಿನ ಅವಳು ಸೋದರಮಾವನ ಊರಿಗೆ ಹೋಗಿದ್ದಳು.

ಶಾಲೆಯ ಅಂಗಳದಲ್ಲಿ ಜನರನ್ನು ಎಣಿಸುತ್ತಿದ್ದಾಗ ನೆರೆಮನೆಯ ರೈತನಿಗೆ ಇದು ನೆನಪಾಯಿತು. ಕಂದೀಲು ಹಿಡಿದು ಇಳಿದು ಬಂದನು. ಓಣಿಯಲ್ಲಿ ನೀರು ಮೊಳಕಾಲಿಗೆ ಬಂದಿತ್ತು. ಬಾಗಿಲನ್ನು ತಟ್ಟಿದನು, ತಟ್ಟುತ್ತ ತಟ್ಟುತ್ತ ತನ್ನ ಹುಚ್ಚುತನಕ್ಕೆ ತಾನೇ ಬೈದುಕೊಂಡನಂತೆ. ಕಡೆಗೆ ನಿಚ್ಚಣಿಕೆ ಹಚ್ಚಿ ಮಣ್ಣಿನ ಮಾಳಿಗೆಯನ್ನೇರಿ, ಬೆಳಕಿಂಡಿಯ ಮುಚ್ಚಳವನ್ನು ತೆಗೆದು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಒಳಗೆ ಇಳಿಬಿಟ್ಟನು. ಬೆಳಕಿಗೂ ಅವರಿಗೆ ಎಚ್ಚರವಾಗಲಿಲ್ಲ. ಮಾಳಿಗೆಯ ಮಣ್ಣನ್ನು ಕೆದರಿ, ಹೆಂಟೆಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಒಗೆದನು. ಮೂರನೆಯದೋ ನಾಲ್ಕನೆಯದೋ ಸಿಂಪಿಗನ ಎದೆಗೆ ತಗುಲಿತು. ಎದ್ದವನು ಮೊದಲು ಕಂಡದ್ದು ಮೇಲಿನಿಂದ ಜೋಲಾಡುವ ದೀಪವನ್ನು. ಆಮೇಲೆ ಕಂಡದ್ದು ಹೊಸ್ತಿಲ ಸಂದಿಯಿಂದ ಒಳಗೆ ಬರುತ್ತಿದ್ದ ನೀರನ್ನು.

ಇಬ್ಬರೂ ಬದುಕಿದರು. ಊರಿನವರು ರೈತನನ್ನು ಹೊಗಳಿದರು, ನಾನೂ ಹೊಗಳಿದೆನು. ಮರುವಾರ ನಾನು ಹೋದಾಗ ಸಿಂಪಿಗನ ಮುಖದಲ್ಲಿ ಮಾತ್ರ ನಾವು ನಿರೀಕ್ಷಿಸಿದ ಕೃತಜ್ಞತೆಯು ಕಾಣಲಿಲ್ಲ. ಮಗಳನ್ನು ಮುಂದೆ ಕೂಡ್ರಿಸಿಕೊಂಡು ಕೈಯಿಂದ ಏನೋ ಹೇಳಿದನು. ಹುಡುಗಿಯು ತಿಳಿಸಿದಳು: "ಅವರು ನೆನಪು ಮಾಡಿಕೊಂಡರು, ಒಳ್ಳೆಯದಾಯಿತು. ಮರೆತಿದ್ದರೆ ಯಾರನ್ನು ಕೇಳಬೇಕಾಗಿತ್ತು ಅಂತ ಅಪ್ಪ ಕೇಳಾಕತ್ಯಾನ್ರಿ."

ಈ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಅಣ್ಣನ ಮಗಳ ಪತ್ರವು ಬಂದ ಮೇಲೆ, ಒಬ್ಬಳು ವಿದ್ಯಾವತಿ, ಒಬ್ಬನು ಅಕ್ಷರ ಬಾರದ ದುಡಿಮೆಗಾರ, ಇಬ್ಬರೂ ಕೇಳುವದು ಒಂದೇ ಪ್ರಶ್ನೆಯೆಂದು ನನಗೆ ಹೊಳೆಯಿತು. ಅಪಾಯವನ್ನು ಸಾರುವವನ ಹೊಣೆಯು ಎಲ್ಲಿ ಮುಗಿಯುತ್ತದೆ? ಸಾರಿದವನ ಬಾಯಿಯಲ್ಲಿಯೋ, ಕೇಳಬೇಕಾದವನ ಅರಿವಿನಲ್ಲಿಯೋ?

ದಫ್ತರಗಳ ಭಾಷೆಯಲ್ಲಿ ಅದು ಬಾಯಿಯಲ್ಲಿಯೇ ಮುಗಿಯುತ್ತದೆ. "ಡಂಗುರ ಸಾರಲಾಗಿದೆ" ಎಂದು ಬರೆದರೆ ಕೆಲಸವಾಯಿತು. ಆ ವಾಕ್ಯದಲ್ಲಿ ಸಾರಿದವನೂ ಇಲ್ಲ, ಕೇಳಿದವನೂ ಇಲ್ಲ, ಕ್ರಿಯಾಪದವೊಂದೇ ನಿಂತಿರುವದು. ಇದು ಕೇವಲ ದಫ್ತರದ ದೋಷವೆಂದು ನಾನು ಹೇಳಲಾರೆನು. ನಮ್ಮ ನುಡಿಯಲ್ಲಿಯೇ ಈ ಮರೆವು ಅಡಗಿಕೊಂಡಿದೆ. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಧಾತುವಿಗೆ ಕಿವಿಗೊಡುವದು, ಪ್ರಶ್ನಿಸುವದು, ಬೇಡುವದು, ವಿಧೇಯನಾಗಿರುವದು, ಇಷ್ಟೂ ಅರ್ಥಗಳುಂಟು. ಓದಿದವನನ್ನು ನಾವು ಬಹುಶ್ರುತನೆನ್ನುವೆವು. ವೇದಕ್ಕೆ ಶ್ರುತಿಯೆಂದು ಹೆಸರು. ಅರಿವೆಲ್ಲ ಕಿವಿಯ ದಾರಿಯಿಂದಲೇ ಬರುವದೆಂದು ನಮ್ಮ ಹಿರಿಯರು ತಿಳಿದಿದ್ದರು. ಬರಹವು ವಿರಳವಾಗಿದ್ದ ಕಾಲದಲ್ಲಿ ಅದು ತಪ್ಪೂ ಅಲ್ಲ. ಆದರೆ ಆ ತಿಳಿವಳಿಕೆಯ ನೆರಳಿನಲ್ಲಿ, ಕಿವಿ ಕೇಳದವನಿಗೆ ಅರಿವೂ ಇಲ್ಲವೆಂಬ ಇನ್ನೊಂದು ಭಾವನೆಯು ಬೆಳೆಯಿತು. ಅದು ತಪ್ಪು, ಅದರ ಫಲವನ್ನು ಅವರು ಸಾವಿರ ವರ್ಷ ಉಂಡರು.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಹಳೆಯ ಸಾಕ್ಷಿಯುಂಟು. ಕಲಬುರಗಿಯಿಂದ ದೂರವಲ್ಲದ ಮರತೂರಿನೊಡನೆ ವಿಜ್ಞಾನೇಶ್ವರನ ಹೆಸರು ಕೂಡಿಕೊಂಡಿರುವದು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಆತನು ಬರೆದ ಮಿತಾಕ್ಷರವು ಹಿಂದುಸ್ತಾನದ ಬಹುಭಾಗಕ್ಕೆ ದಾಯವಿಭಾಗದ ಶಾಸ್ತ್ರವಾಯಿತು. ಅಷ್ಟು ದೊಡ್ಡ ನ್ಯಾಯಬುದ್ಧಿಯ ಆ ಗ್ರಂಥವೂ ತನಗಿಂತ ಹಳೆಯ ಸ್ಮೃತಿಗಳ ಜಾಡನ್ನು ಹಿಡಿದು, ಹುಟ್ಟುಕುರುಡರೊಡನೆ ಹುಟ್ಟುಕಿವುಡರನ್ನೂ ಪಾಲಿನಿಂದ ಹೊರಗಿಟ್ಟಿತು. ಕೈಬಿಡಿರೆಂದು ಮಾತ್ರ ಅದು ಹೇಳಲಿಲ್ಲ. ಅವರಿಗೆ ಅನ್ನವಸ್ತ್ರವನ್ನು ಕೊಟ್ಟು ಕಾಪಾಡುವದು ಪಾಲು ಪಡೆದವರ ಕಡ್ಡಾಯದ ಕರ್ತವ್ಯವೆಂದು ವಿಧಿಸಿತು. ಪೋಷಣೆಯುಂಟು, ಪಾಲಿಲ್ಲ. 1928ರ ಒಂದು ಕಾಯಿದೆಯು ಬ್ರಿಟಿಷ್ ಹಿಂದುಸ್ತಾನದಲ್ಲಿ ಈ ಹೊರಗಿಡುವಿಕೆಯನ್ನು ತೆಗೆದುಹಾಕಿತು. ಆಗ ನಮ್ಮ ಸೀಮೆಯು ನಿಜಾಮರದು; 1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ಬಂದ ಮೇಲೆ ದೇಹದ ಊನದಿಂದ ದಾಯ ತಪ್ಪುವದು ಎಲ್ಲೆಡೆಯೂ ನಿಂತಿತು. ಹೊಲಮನೆಗಳ ಮಟ್ಟಿಗೆ ಇದು ಮುಗಿದ ಕಥೆ. ಆದರೆ ಹೊಲಮನೆಗಳಲ್ಲದೆ ಇನ್ನೂ ಕೆಲವು ಸೊತ್ತುಗಳು ಸಮಾಜದಲ್ಲಿ ಎಲ್ಲರಿಗೂ ಕೂಡಿ ಇರುತ್ತವೆ. ಅಪಾಯವು ಬರುತ್ತಿದೆಯೆಂಬ ಸುದ್ದಿಯು ಅಂಥ ಒಂದು ಸೊತ್ತು. ಅದರಲ್ಲಿ ಕಿವುಡನಿಗೆ ಇಂದಿಗೂ ಪೋಷಣೆಯುಂಟು, ಪಾಲಿಲ್ಲ. ಯಾರಾದರೂ ನೆನಪಿಟ್ಟು ಹೇಳಿದರೆ ಅವನಿಗೆ ಸುದ್ದಿ. ಸಿಂಪಿಗನನ್ನು ನೋಯಿಸಿದ್ದು ಇದೇ ಎಂದು ನನಗೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ತೆಗೆಯಬಹುದು. ತೆಗೆಯುವವರು ಕಲ್ಲೆದೆಯವರೇ ಆಗಬೇಕೆಂದಿಲ್ಲ. ಸಾರುವವನು ಪ್ರತಿಯೊಬ್ಬನ ಅರಿವಿಗೂ ಹೊಣೆಯಾಗಲು ಸಾಧ್ಯವೇ? ಕುಡಿದು ಬಿದ್ದವನಿದ್ದಾನೆ, ಕೇಳಿಯೂ ಹಟದಿಂದ ಕೂತವನಿದ್ದಾನೆ, ದೂರದ ಹೊಲದ ಗುಡಿಸಲಿನಲ್ಲಿ ಇದ್ದವನಿದ್ದಾನೆ. ಎಲ್ಲರಿಗೂ ತಲುಪಿತೆಂದು ಯಾರು ಪ್ರಮಾಣ ಮಾಡಬಲ್ಲರು? ಆಕ್ಷೇಪವು ನ್ಯಾಯವಾದದ್ದು. ಮನುಷ್ಯನ ಹೊಣೆಗೆ ಮಿತಿಯುಂಟು. ಆ ಮಿತಿಯನ್ನು ನಾನು ಇಡುವ ಜಾಗವು ಸಾರುವವನ ಗಂಟಲಲ್ಲ, ಆತನ ತಿಳಿವಳಿಕೆ. ತಲುಪದೆಂದು ನನಗೆ ಮೊದಲೇ ಗೊತ್ತಿರುವ ದಾರಿಯಿಂದ ಸುದ್ದಿಯನ್ನು ಕಳಿಸಿದರೆ ನಾನು ಕಳಿಸಿದಂತಾಗಲಿಲ್ಲ. ಊರು ಬಿಟ್ಟು ಹೋದವನ ಹಳೆಯ ವಿಳಾಸಕ್ಕೆ, ಬಿಟ್ಟು ಹೋದದ್ದು ತಿಳಿದಿದ್ದೂ, ಪತ್ರ ಹಾಕಿ "ನಾನು ಬರೆದಿದ್ದೆನು" ಎನ್ನುವವನ ಮಾತಿಗೆ ಏನು ಬೆಲೆ? ಕುಡಿದು ಬಿದ್ದವನು ಇಂದು ರಾತ್ರಿ ಬಿದ್ದಿರುವನೆಂದು ಯಾರಿಗೂ ಮೊದಲೇ ಗೊತ್ತಿಲ್ಲ. ಕೆಳಗಿನ ಓಣಿಯ ಸಿಂಪಿಗನಿಗೆ ಕಿವಿ ಕೇಳುವದಿಲ್ಲವೆಂಬದು ಊರಿಗೆಲ್ಲ ನಲವತ್ತು ವರ್ಷಗಳಿಂದ ಗೊತ್ತು. ಹಡಗಿನವರಿಗಂತೂ ಬರವಣಿಗೆಯಲ್ಲಿಯೇ ಗೊತ್ತಿತ್ತು.

ನಾವೇ ಒಪ್ಪಿಕೊಂಡಿರುವ ಇನ್ನೊಂದು ರೂಢಿಯನ್ನು ನೋಡಿರಿ. ಮನೆಯಲ್ಲಿ ಮದುವೆಯಾದರೆ ಹಲಗೆ ಬಾರಿಸಿ ಊರಿಗೆಲ್ಲ ಸಾರಿದೆವೆಂದು ನಾವು ಸುಮ್ಮನಿರುವದಿಲ್ಲ. ಮನೆಮನೆಗೆ ಹೋಗಿ, ಹೊಸ್ತಿಲಲ್ಲಿ ನಿಂತು, ಅಕ್ಷತೆ ಕೊಟ್ಟು ಕರೆಯುತ್ತೇವೆ. ಹಾಗೆ ಕರೆಯದಿದ್ದರೆ ಸೋದರತ್ತೆಯು ಹತ್ತು ವರ್ಷ ಮುನಿಸು ಬಿಡುವದಿಲ್ಲ; ಬಿಡಬಾರದೆಂದು ನಾವೂ ಒಪ್ಪುತ್ತೇವೆ. ಒಂದು ಹೊತ್ತಿನ ಊಟಕ್ಕೆ ಹೊಸ್ತಿಲಿನ ವರೆಗೆ ನಡೆಯುವ ನಾವು, ಪ್ರಾಣದ ಸುದ್ದಿಗೆ ಬೀದಿಯ ಕೂಗು ಸಾಕೆನ್ನುವದು ವಿಚಿತ್ರವಲ್ಲವೆ?

ಇನ್ನೊಂದು ಮಾತು ಸಂಖ್ಯೆಯದು. ಅಂಥವರು ಎಷ್ಟು ಜನ? ಕೆಲವೇ ಮಂದಿಗಾಗಿ ಇಷ್ಟೊಂದು ಖರ್ಚೇ? ಈ ಮಾತಿಗೆ ಉತ್ತರವು ಸಮುದ್ರದಿಂದಲೇ ಬಂದಿರುವದು. 1912ರ ಏಪ್ರಿಲದಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಎರಡು ಸಾವಿರದ ಇನ್ನೂರರಷ್ಟು ಜನರಿದ್ದರು; ಪ್ರಾಣರಕ್ಷಣೆಯ ದೋಣಿಗಳಲ್ಲಿ ಸ್ಥಳವಿದ್ದದ್ದು 1,178 ಜನರಿಗೆ. ಹಡಗಿನ ಯಜಮಾನರು ನಿಯಮವನ್ನು ಮುರಿದಿರಲಿಲ್ಲವೆಂಬದೇ ಇಲ್ಲಿಯ ಘೋರವಾದ ಸಂಗತಿ. ಅಂದಿನ ನಿಯಮವು ಹಡಗಿನ ಗಾತ್ರವನ್ನು ನೋಡುತ್ತಿತ್ತು, ತಲೆಗಳನ್ನು ಎಣಿಸುತ್ತಿರಲಿಲ್ಲ. ಆ ನಿಯಮವು ಕೇಳಿದ್ದಕ್ಕಿಂತ ಹೆಚ್ಚೇ ದೋಣಿಗಳಿದ್ದವು. 1914ರಲ್ಲಿ ರಾಷ್ಟ್ರಗಳು ಕೂಡಿ ಸಮುದ್ರದಲ್ಲಿ ಪ್ರಾಣರಕ್ಷಣೆಯ ಒಡಂಬಡಿಕೆಯನ್ನು ಮಾಡಿಕೊಂಡ ಮೇಲೆ ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳವಿರಬೇಕೆಂಬದು ತತ್ತ್ವವಾಯಿತು. ಇಂದು ಬಹುಮಂದಿಗೆ ಸಾಕಾಗುವಷ್ಟು ದೋಣಿಗಳಿವೆಯೆಂದು ಯಾವನಾದರೂ ಹೇಳಿದರೆ ಅವನನ್ನು ಹುಚ್ಚನೆನ್ನುವರು. ಆದರೆ ಅಪಾಯದ ಕೂಗು ದೋಣಿಗಿಂತ ಮೊದಲಿನ ದೋಣಿ. ಅದನ್ನು ಏರದವನಿಗೆ ಎರಡನೆಯ ದೋಣಿಯಲ್ಲಿಟ್ಟ ಸ್ಥಳವು ಬರಿದಾಗಿಯೇ ಹೋಗುವದು. ಬಹುಮಂದಿಗೆ ಕೇಳಿಸುವ ಕೂಗು ಸಾಕೆಂಬ ಮಾತು ಮಾತ್ರ ಇಂದಿಗೂ ಯಾರಿಗೂ ಹುಚ್ಚಾಗಿ ತೋರುವದಿಲ್ಲ.

ನಿಯಮಗಳು ಹೆಣಗಳ ಹಿಂದೆ ನಡೆಯುತ್ತವೆಂಬ ಖಿನ್ನತೆಯೂ ಇಲ್ಲಿ ಆಗದಿರದು. 2012ರ ಜನವರಿ 13ರ ರಾತ್ರಿ ಇಟಲಿಯ ಜೀಲಿಯೋ ದ್ವೀಪದ ಬಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರದ ಹಡಗು ಬಂಡೆಗೆ ಬಡಿದು ವಾಲಿತು; 32 ಜನರು ತೀರಿಕೊಂಡರು. ಹತ್ತಿದ ಇಪ್ಪತ್ತುನಾಲ್ಕು ತಾಸುಗಳಲ್ಲಿ ಯಾವಾಗಲಾದರೂ ಆಪತ್ತಿನ ಅಭ್ಯಾಸವನ್ನು ಮಾಡಿಸಬಹುದೆಂದು ಆಗ ನಿಯಮವಿತ್ತು. ಅದೇ ಸಂಜೆಗೆ ಹತ್ತಿದವರಿಗೆ ಅಭ್ಯಾಸವೇ ಆಗಿರಲಿಲ್ಲ. ಮುಂದೆ 2015ರಿಂದ, ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅಭ್ಯಾಸವಾಗಬೇಕೆಂದು ಕಟ್ಟುಮಾಡಿದರು. ಆ ರಾತ್ರಿ ಕಿವಿಯುಳ್ಳವರಿಗೂ ಸರಿಯಾದ ಸುದ್ದಿ ತಲುಪಲಿಲ್ಲ. ಏನೋ ವಿದ್ಯುತ್ತಿನ ದೋಷವೆಂದು ಮೊದಲು ಸಾರಿದರಂತೆ. ಹಾಗಾದರೆ ಕೇಳುವವರ ಪ್ರಾಣವೂ ಇನ್ನೊಬ್ಬರ ಬಾಯಿಯ ಮೇಲೆಯೇ ನಿಂತಿರುವದು. ಪರಾವಲಂಬನೆಯು ಕಿವುಡರಿಗೆ ಮಾತ್ರ ಮೀಸಲಾದದ್ದಲ್ಲ. ಮುದುಕರಿಗೂ ಅಂಗವಿಕಲರಿಗೂ ಪ್ರಯಾಣಿಕರ ಹಡಗುಗಳು ಹೇಗೆ ಅನುಕೂಲವಾಗಿರಬೇಕೆಂದು ಸಮುದ್ರಯಾನದ ಅಂತರರಾಷ್ಟ್ರೀಯ ಸಂಸ್ಥೆಯವರು 1996ರಲ್ಲಿಯೇ ಸೂಚನೆಗಳನ್ನು ಹೊರಡಿಸಿರುವರು. ಆದರೆ ಅವು ಶಿಫಾರಸುಗಳು. ಶಿಫಾರಸಿಗೂ ವಿಧಿಗೂ ಇರುವ ಅಂತರವೇ ನಮ್ಮ ಹುಡುಗಿಯು ಎರಡು ದಿನ ಕಾದ ಅಂತರ.

ಗೆಳತಿಯರಿದ್ದರಲ್ಲವೆ, ಅವರು ಹೇಳುತ್ತಿರಲಿಲ್ಲವೆ, ಎಂದು ನಮ್ಮ ಅತ್ತಿಗೆಯವರು ಕೇಳಿದರು. ತಾಯಿಯ ಹೃದಯವು ಕೇಳುವ ಮಾತಿದು. ಗೆಳತಿಯರಿದ್ದರು, ನಿಜ, ಸಂಜೆಗೆ ಅವರು ಮೇಲಿನ ಅಟ್ಟದಲ್ಲಿ ಹಾಡು ಕೇಳಲು ಹೋಗುತ್ತಿದ್ದರು, ಈಕೆ ಕೋಣೆಯಲ್ಲಿ ಓದುತ್ತ ಕೂಡ್ರುತ್ತಿದ್ದಳು. ಸ್ನೇಹದಿಂದಲೂ ನೆರೆಹೊರೆಯಿಂದಲೂ ಬರುವ ಸಹಾಯವನ್ನು ನಾನು ಹಗುರಾಗಿ ಕಾಣಲಾರೆನು. ಮೊಳಕಾಲುದ್ದದ ನೀರಿನಲ್ಲಿ ಕಂದೀಲು ಹಿಡಿದು ಬಂದ ಆ ರೈತನ ಮುಂದೆ ನನ್ನ ಈ ವಿಚಾರಗಳೆಲ್ಲ ಜೊಳ್ಳು. ಆದರೂ ಅಧಿಕಾರದ ಸಹಾಯಕ್ಕೂ ಅನುಗ್ರಹದ ಸಹಾಯಕ್ಕೂ ಒಂದು ಭೇದವುಂಟು. ಕಿವಿಯುಳ್ಳ ನಾನು ಸಾರುವ ಗಾಡಿಯು ಬರದಿದ್ದರೆ ಮರುದಿನ ಜಗಳಾಡಬಲ್ಲೆನು. ಅದು ನನಗೆ ಸಲ್ಲಬೇಕಾದದ್ದು. ಸಿಂಪಿಗನು ನೆರೆಯವನೊಡನೆ ಜಗಳಾಡಬಲ್ಲನೆ? ದಯೆಯು ಬರದಿದ್ದರೆ ಕೇಳುವವರಿಲ್ಲ, ಬಂದರೆ ತಲೆಬಾಗಬೇಕು. "ಯಾರನ್ನು ಕೇಳಬೇಕಾಗಿತ್ತು" ಎಂಬ ಮಾತಿನ ಆಳವು ಇಷ್ಟು. ಮೇಲಾಗಿ, ಆ ಒಂಬತ್ತು ವರ್ಷದ ಹುಡುಗಿಯ ಬಗೆಗೂ ವಿಚಾರಿಸಬೇಕು. ಮನೆಯ ಕಿವಿಯಾಗಿರುವ ಮಗುವಿಗೆ ಮಾವನ ಊರಿಗೆ ಹೋಗುವ ಸ್ವಾತಂತ್ರ್ಯವೂ ಇಲ್ಲದಂತಾಯಿತು. ಆ ರಾತ್ರಿಯಾದ ಮೇಲೆ ಅವಳು ಒಂದು ವರ್ಷ ಎಲ್ಲಿಯೂ ಉಳಿಯಲು ಒಪ್ಪಲಿಲ್ಲವಂತೆ.

ಬೇರೆ ರೀತಿಯ ಸಮಾಜವು ಸಾಧ್ಯವೇ ಇಲ್ಲವೆಂದು ಮಾತ್ರ ಯಾರೂ ಹೇಳಕೂಡದು. ಗೌರಿಬಿದನೂರು ತಾಲೂಕಿನ ಅಲೀಪುರವೆಂಬ ಊರಿನಲ್ಲಿ ವಂಶಪರಂಪರೆಯಿಂದ ಕಿವಿ ಕೇಳದವರು ಅನೇಕರಿದ್ದಾರೆ. ಅಲ್ಲಿ ಆ ಊರಿನದೇ ಆದ ಒಂದು ಕೈಭಾಷೆಯು ಬೆಳೆದಿರುವದು. ಭಾಷಾಶಾಸ್ತ್ರಜ್ಞರು ಬಂದು ಅದನ್ನು ಅಭ್ಯಾಸ ಮಾಡಿದ್ದಾರೆ. ಕೇಳುವವರಲ್ಲಿಯೂ ಹಲವರು ಆ ಭಾಷೆಯನ್ನು ಬಲ್ಲರು. ಅಮೇರಿಕೆಯ ಮಾರ್ಥಾಸ್ ವಿನಯಾರ್ಡ ದ್ವೀಪದಲ್ಲಿಯೂ ಎರಡು ನೂರು ವರ್ಷಗಳಿಗೆ ಮೇಲ್ಪಟ್ಟು ಹೀಗೆಯೇ ಇತ್ತು. ಅಲ್ಲಿಯ ಮೀನುಗಾರರು ಕೂಗಿಗೆ ನಿಲುಕದ ದೂರದಲ್ಲಿ ದೋಣಿಯಿಂದ ದೋಣಿಗೆ ಕೈಯಿಂದಲೇ ಮಾತಾಡಿಕೊಳ್ಳುತ್ತಿದ್ದರಂತೆ, ಕಿವಿಯುಳ್ಳವರೂ ಕೂಡ. ಅಂಥಲ್ಲಿ ಕಿವುಡು ಎಂಬದು ಒಂದು ಲಕ್ಷಣ. ಒಬ್ಬನು ಎತ್ತರ, ಇನ್ನೊಬ್ಬನು ಗಿಡ್ಡ ಎಂಬಂತೆ. ಅದು ಅನರ್ಥವಾಗುವದು ಸುತ್ತಲಿನವರೆಲ್ಲ ಬಾಯಿಯೊಂದನ್ನೇ ನೆಚ್ಚಿದಾಗ.

ಇನ್ನು ಮಾಡತಕ್ಕದ್ದೇನೆಂಬಲ್ಲಿ ನನಗೆ ಪೂರ್ಣವಾದ ಸಮಾಧಾನವಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ನಮ್ಮ ದೇಶದಲ್ಲಿ 2016ರಲ್ಲಿ ಆದ ಕಾಯಿದೆಯ ಎಂಟನೆಯ ಕಲಮಿನಲ್ಲಿ ಈ ವಿಚಾರವಿದೆ. ಜಿಲ್ಲೆಯ ವಿಪತ್ತು ನಿರ್ವಹಣೆಯ ಮಂಡಳಿಯು ಜಿಲ್ಲೆಯಲ್ಲಿರುವ ಅಂಗವಿಕಲರ ವಿವರಗಳನ್ನು ದಾಖಲೆ ಮಾಡಿಟ್ಟುಕೊಂಡು, ಅಪಾಯದ ಸುದ್ದಿಯನ್ನು ಅವರಿಗೆ ತಲುಪಿಸುವ ತಕ್ಕ ಏರ್ಪಾಟನ್ನು ಮಾಡಬೇಕೆಂದು ಅದು ವಿಧಿಸುತ್ತದೆ. ಅದನ್ನೋದಿದಾಗ ನನಗೆ ಸಂತೋಷವಾಯಿತು. ದಯೆಯು ಪಾಲಾದದ್ದನ್ನು ಅಲ್ಲಿ ಕಂಡೆನು. ಸಿಂಪಿಗನ ಮುಂದೆ ಹೇಳಿದೆನು. ಆತನು ಮುಖವನ್ನು ಸಿಂಡರಿಸಿದನು. ಹಿಂದೊಮ್ಮೆ ಯಾವದೋ ಯಾದಿಗೆ ಹೆಸರು ಬರೆಯಿಸಲು ಹೋದಾಗ, ಆತನು ನಿಜವಾಗಿಯೂ ಕಿವುಡನೋ ಎಂದು ಪರೀಕ್ಷಿಸುವದಕ್ಕಾಗಿ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ, ಆತನು ತಿರುಗಿ ನೋಡದಿರಲು, ಸುತ್ತಲಿದ್ದವರು ನಕ್ಕರಂತೆ. ನಕ್ಕದ್ದು ಆತನಿಗೆ ಕೇಳಿಸಲಿಲ್ಲ. ಎದುರಿನ ಕಪಾಟಿನ ಗಾಜಿನಲ್ಲಿ ಕಂಡಿತು. ಹೀಗಾಗಿ ಒಬ್ಬಳು ತಾನಾಗಿ ಬರೆದು ತಿಳಿಸಿದಳು, ಓದುವವರಿಲ್ಲ, ಇನ್ನೊಬ್ಬನು ಬರೆಯಿಸಲೊಲ್ಲನು. ಯಾದಿಯಿಲ್ಲದೆ ಮನೆ ತಿಳಿಯದು. ಯಾದಿಯು ಬಂದರೆ ಮನುಷ್ಯನ ಬಾಗಿಲಿಗೆ ಗುರುತು ಹಚ್ಚಿದಂತಾಗುವದು. ತನ್ನ ಊನವನ್ನು ನೂರು ಜನರೆದುರಿನಲ್ಲಿ ಸಾರಿಕೊಂಡವನಿಗೆ ಮಾತ್ರ ನಾವು ಅಪಾಯವನ್ನು ಸಾರುವೆವೆಂದರೆ ಅದು ಪಾಲೋ, ಬೆಲೆ ಕಟ್ಟಿದ ಸರಕೋ?

ಆದುದರಿಂದ ಯಾದಿಯನ್ನು ಬೇಡದ ಸಂಕೇತಗಳು ಮೊದಲು ಬೇಕೆಂದು ನನ್ನ ಮತ. ಕೂಗು ಎಲ್ಲಿರುವದೋ ಅಲ್ಲಿ ಬೆಳಕೂ ಇರಲಿ. ಹಡಗಿನ ಪ್ರತಿಯೊಂದು ಕೋಣೆಯಲ್ಲಿ ಮಿಣುಕುವ ದೀಪವಿದ್ದರೆ ಯಾವ ಕೋಣೆಯಲ್ಲಿ ಕಿವುಡರಿರುವರೆಂದು ಕೇಳಲೇಬೇಕಾಗಿಲ್ಲ. ಈಚೆಗೆ ಕೆಲವು ಹಡಗುಗಳಲ್ಲಿ ಆಪತ್ತಿನ ಪಾಠವನ್ನು ಅಕ್ಷರಗಳೊಡನೆ ಕೋಣೆಯ ಪರದೆಯ ಮೇಲೆ ತೋರಿಸುತ್ತಿರುವರು. ಅದರಿಂದ ಕಿವಿಯುಳ್ಳವರಿಗೂ ಉಪಕಾರವೇ ಆಗಿದೆ. ಊರುಗಳಲ್ಲಿ ಮೊಬೈಲ್ ಫೋನು ಇದೆಯಲ್ಲ ಎನ್ನುವರು. ಒಂದು ಸೀಮೆಯಲ್ಲಿರುವ ಫೋನುಗಳಿಗೆಲ್ಲ ಒಮ್ಮೆಲೆ ಎಚ್ಚರಿಕೆಯನ್ನು ಕಳಿಸುವ ಏರ್ಪಾಟಿನ ಪರೀಕ್ಷೆಯು 2023ರಲ್ಲಿ ನಮ್ಮ ರಾಜ್ಯದಲ್ಲಿಯೂ ನಡೆಯಿತು. ಫೋನು ಕೂಗಿತು, ನಡುಗಿತು, ಅಕ್ಷರಗಳನ್ನೂ ತೋರಿಸಿತು. ಒಳ್ಳೆಯದೇ. ಆದರೆ ಸಿಂಪಿಗನ ಮನೆಯಲ್ಲಿ ಫೋನು ರಾತ್ರಿಯೆಲ್ಲ ಗೋಡೆಯ ಗೂಡಿನಲ್ಲಿರುತ್ತದೆ. ಗೂಡು ನಡುಗಿದರೆ ಹಾಸಿಗೆಗೆ ತಿಳಿಯದು. ಬೆಳಕೂ ನಿದ್ರೆಯನ್ನು ಭೇದಿಸದೆಂಬದನ್ನು ಆ ಕಂದೀಲೇ ತೋರಿಸಿಕೊಟ್ಟಿತು. ಮಲಗಿದವನಿಗೆ ಸ್ಪರ್ಶವೊಂದೇ ದಾರಿ. ಸ್ಪರ್ಶಕ್ಕೆ ಮನೆ ಗೊತ್ತಿರಬೇಕು, ಬರುವವನು ಗೊತ್ತಿರಬೇಕು. ಹಿಂದೆ ಊರಿಗೊಬ್ಬ ತಳವಾರನಿದ್ದನು. ರಾತ್ರಿ ಊರನ್ನು ಕಾಯುವದು ಅವನ ಉಪಕಾರವಾಗಿರಲಿಲ್ಲ, ಅವನ ಕೆಲಸವಾಗಿತ್ತು. ಓಣಿಗೊಬ್ಬನು ಹಾಗೆ ಗೊತ್ತುಪಡಿಸಿದವನಿದ್ದರೆ, ತಪ್ಪಿದರೆ ಅವನನ್ನು ಕೇಳಬಹುದು. ಸಿಂಪಿಗನು ಹುಡುಕುತ್ತಿದ್ದದ್ದು ಅಂಥ ಒಬ್ಬನನ್ನು.

ಆ ವರೆಗೆ ಆತನು ಕಾಯ್ದು ಕೂತಿಲ್ಲ. ಮಹಾಪೂರದ ಮರುವಾರವೇ ಒಂದು ನೂಲಿನ ಹುರಿಯನ್ನು ಹೊಸೆದು, ಬಾಗಿಲ ಚೌಕಟ್ಟಿನಲ್ಲಿ ರಂಧ್ರವನ್ನು ಕೊರೆಯಿಸಿ, ಒಂದು ತುದಿಯನ್ನು ಹೊರಗೆ ಬಿಟ್ಟಿರುವನು. ಇನ್ನೊಂದು ತುದಿಯನ್ನು ರಾತ್ರಿ ಮಲಗುವಾಗ ಮುಂಗೈಗೆ ಕಟ್ಟಿಕೊಳ್ಳುತ್ತಾನೆ. ಹಡಗಿನವರು ದಿಂಬಿನ ಕೆಳಗೆ ಇಡಿಸುವ ಯಂತ್ರವು ಮಾಡುವದೂ ಇಷ್ಟನ್ನೇ. ಹೊರಗಿನ ತುದಿಗೆ, ಕತ್ತಲೆಯಲ್ಲಿ ಕಾಣಲೆಂದು, ಜರಿಯ ಅಂಚಿನ ಒಂದು ಬಟ್ಟೆಯ ಚೂರನ್ನು ಹೊಲಿದಿರುವನು. ಅಣ್ಣನ ಮಗಳು ದೀಪಾವಳಿಗೆ ಬಂದಾಗ ಅದನ್ನು ತೋರಿಸಲು ಕರೆದುಕೊಂಡು ಹೋಗಿದ್ದೆನು. ಇಬ್ಬರೂ ನನ್ನನ್ನು ಮರೆತು ಬಹಳ ಹೊತ್ತು ಕೈಯಿಂದ ಮಾತಾಡಿಕೊಂಡರು. ಆಕೆಯ ಪುಣೆಯ ಕೈಮಾತು ಆತನಿಗೆ ಪೂರ್ಣ ತಿಳಿಯುತ್ತಿರಲಿಲ್ಲ, ಆತನದು ಆಕೆಗೆ ತಿಳಿಯುತ್ತಿರಲಿಲ್ಲ, ಆದರೂ ನಗೆಯೇನೂ ಕಡಿಮೆಯಾಗಲಿಲ್ಲ. ಓಣಿಯ ಹುಡುಗರು ಆ ಹುರಿಯನ್ನು ಆಟಕ್ಕೆ ಎಳೆದು ಓಡಿಹೋಗುತ್ತಾರಂತೆ. ಬೈಯುತ್ತಾನೆ, ಬೆನ್ನಟ್ಟುತ್ತಾನೆ, ಬಿಚ್ಚಿ ಮಾತ್ರ ಇಡುವದಿಲ್ಲ. ಹುಡುಗರಿಗೆ ಅದು ಎಲ್ಲಿದೆಯೆಂದು ಗೊತ್ತಿರಲಿ ಎನ್ನುತ್ತಾನೆ.